ಬಜೆಟ್, ಪ್ಲಾನಿಂಗ್ ಎಲ್ಲಾ ಎಕ್ಸೆಲ್ ಶೀಟಿನಾಗೇ ಇದ್ದರ ಎಲ್ಲಿ ಕೈ ಕೊಡ್ತೈತಿ?

ಕಾರಟಗಿ ಮಿಲ್ ಲೆಕ್ಕ

ನಮಸ್ಕಾರ್ರಿ ಎಲ್ಲರಿಗೂ. ಕಾರಟಗಿ ಕಡೆ, ತಾಸಿಗೆ 4 ಟನ್ನಿನ ರೈಸ್ ಮಿಲ್ಲು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಬಜೆಟ್ ಪೂರ್ತಿ ಒಂದೇ ಎಕ್ಸೆಲ್ ಫೈಲಿನಾಗ ಐತಿ. ಭತ್ತ ಖರೀದಿ, ಮಿಲ್ಲಿಂಗ್, ಅಕ್ಕಿ-ನುಚ್ಚು-ತೌಡು ಮಾರಾಟ, ಹಮಾಲಿ, ಕರೆಂಟು, ಸಿಸಿ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ) ಬಡ್ಡಿ, ಎಲ್ಲಾ ಸೇರಿ 14 ಶೀಟು. ದಿನದ ಲೆಕ್ಕ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಒಳಗ, ಬಜೆಟ್ ಅಷ್ಟೇ ಎಕ್ಸೆಲ್. ಫೈಲು ಮೂರು ಕಡೆ ಐತಿ: ಗುಮಾಸ್ತರ ಕಂಪ್ಯೂಟರ್, ಮಾಲೀಕರ ಲ್ಯಾಪ್‌ಟಾಪ್, ಸಿಎ ಆಫೀಸು. ಮೂರರಾಗೂ ವರ್ಷದ ಲಾಭ ಬ್ಯಾರೆ ಬ್ಯಾರೆ, ಎರರ್ ಮಾತ್ರ ಎಲ್ಲೂ ಇಲ್ಲ. ಮೊದಲು ಎಲ್ಲಿ ಕೈ ಹಾಕಬೇಕು? ಬಜೆಟ್‌ಗಂತ ಬ್ಯಾರೆ ಸಾಫ್ಟ್‌ವೇರ್ ತಗೊಳ್ಳಲೇಬೇಕೇನು? ಬಲ್ಲವರು ಹೇಳ್ರಿ.

ಟ್ಯಾಲಿ ಮಾಸ್ತರ

ಸರ್, ಎರರ್ ಬಂದರೆ ಪುಣ್ಯ. ಎರರ್ ಬಾರದೆ ತಪ್ಪು ಅಂಕಿ ಬರುವುದೇ ಶೀಟಿನ ದೊಡ್ಡ ದೋಷ. ಸೆಲ್‌ಗೆ ಅಂಕಿ ಗೊತ್ತು, ಅದು ಚೀಲವೋ ಕ್ವಿಂಟಲ್ಲೋ ಗೊತ್ತಿಲ್ಲ.

ನಿಮ್ಮ ಕಡೆ ಭತ್ತದ ವ್ಯವಹಾರ 75 ಕೆಜಿ ಚೀಲದ ಮೇಲೆ, ಬೆಂಬಲ ಬೆಲೆ ಕ್ವಿಂಟಲ್ ಮೇಲೆ. ಖರೀದಿ ಶೀಟಿನಲ್ಲಿ 10,000 ಚೀಲ ಅಂತ ಇದ್ದು, ಮಿಲ್ಲಿಂಗ್ ಶೀಟು ಅದನ್ನು ಕ್ವಿಂಟಲ್ ಅಂತ ಎತ್ತಿಕೊಂಡರೆ ಏನಾಗುತ್ತದೆ ನೋಡಿ. ನಿಜವಾದ ಭತ್ತ 7,500 ಕ್ವಿಂಟಲ್. ಶೇ. 67ರ ಇಳುವರಿಯಲ್ಲಿ ಅಕ್ಕಿ 5,025 ಕ್ವಿಂಟಲ್ ಬರಬೇಕು. ಶೀಟು 6,700 ತೋರಿಸುತ್ತದೆ. ಗೋದಾಮಿನಲ್ಲಿ ಇಲ್ಲದ 1,675 ಕ್ವಿಂಟಲ್ ಅಕ್ಕಿಯನ್ನು ಮಾರಾಟದ ಶೀಟು ಮಾರಿ ಮುಗಿಸಿರುತ್ತದೆ. ಖರೀದಿ ಬದಿಗೆ ಬಂದರೆ 2025-26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ 2,369 ರೂಪಾಯಿ. 2,500 ಕ್ವಿಂಟಲ್ ವ್ಯತ್ಯಾಸ ಅಂದರೆ 59 ಲಕ್ಷದ ಮೇಲೆ. ಒಂದು ಶೀಟಿನಲ್ಲಿ ಸರಿಪಡಿಸಿ ಇನ್ನೊಂದರಲ್ಲಿ ಬಿಟ್ಟರೂ ಇದೇ ಗತಿ. ಮೂರು ಕಾಪಿಯಲ್ಲಿ ಮೂರು ಲಾಭ ಬರಲು ಇದೊಂದೇ ಸಾಕು.

ಪರಿಹಾರ ಇಷ್ಟೆ: ಚೀಲದ ಅಂಕಿ ಒಂದೇ ಶೀಟಿನಲ್ಲಿ ಒಳಬರಬೇಕು, ಅಲ್ಲೇ ಪಕ್ಕದ ಕಾಲಂನಲ್ಲಿ ಕ್ವಿಂಟಲ್ ಆಗಬೇಕು, ಉಳಿದ 13 ಶೀಟುಗಳೂ ಕ್ವಿಂಟಲ್ ಕಾಲಂ ಒಂದನ್ನೇ ಮುಟ್ಟಬೇಕು. ಕಾಲಂ ತಲೆಯ ಮೇಲೆ ‘ಪ್ರಮಾಣ’ ಅಂತ ಬರೆಯಬೇಡಿ, ‘ಭತ್ತ, ಕ್ವಿಂಟಲ್’ ಅಂತ ಬರೆಯಿರಿ.

ಎರಡನೆಯದು, ಅಕ್ಷರವಾಗಿ ಕೂತ ಅಂಕಿ. ವಾಟ್ಸ್ಯಾಪ್‌ನಿಂದಲೋ ಪಿಡಿಎಫ್‌ನಿಂದಲೋ ದರ ಕಾಪಿ ಮಾಡಿ ಅಂಟಿಸಿದಾಗ ಕೆಲವು ಅಂಕಿಗಳು ಟೆಕ್ಸ್ಟ್ ಆಗಿ ಕೂರುತ್ತವೆ. ಸಮ್ ಫಾರ್ಮುಲಾ ಅವನ್ನು ಬಿಟ್ಟು ಕೂಡುತ್ತದೆ, ಒಂದು ಮಾತೂ ಹೇಳುವುದಿಲ್ಲ. ಅದೇ ಸೆಲ್‌ಗಳನ್ನು ಪ್ಲಸ್ ಚಿಹ್ನೆ ಹಾಕಿ ಒಂದೊಂದಾಗಿ ಕೂಡಿಸಿದರೆ ಸಾಮಾನ್ಯವಾಗಿ ಅವನ್ನೂ ಸೇರಿಸುತ್ತದೆ. ಒಂದೇ ಕಾಲಂಗೆ ಎರಡು ಮೊತ್ತ! ಪತ್ತೆ ಮಾಡಲು ಕಾಲಂ ಕೆಳಗೆ ಕೌಂಟ್ ಮತ್ತು ಕೌಂಟ್‌ಎ ಎರಡೂ ಹಾಕಿ. ಮೊದಲನೆಯದು ಅಂಕಿಗಳನ್ನಷ್ಟೇ ಎಣಿಸುತ್ತದೆ, ಎರಡನೆಯದು ತುಂಬಿದ ಎಲ್ಲ ಸೆಲ್‌ಗಳನ್ನೂ. ಎರಡೂ ಒಂದೇ ಬರದಿದ್ದರೆ ಟೆಕ್ಸ್ಟ್ ಸೇರಿಕೊಂಡಿದೆ ಅಂತ ಅರ್ಥ.

ಜಿನ್ನಿಂಗ್ ರಾಯಚೂರು

ಮಾಸ್ತರ ಹೇಳಿದ್ದು ಹತ್ತಿಗೂ ಸೈ ಅದ. ನಮ್ಮ ಕಡಿ ಇನ್ನೂ ಗೋಜಲು. ಹತ್ತಿ ಬರೋದು ಕ್ವಿಂಟಲ್‌ದಾಗ, ಅಳ್ಳಿ (ಬೀಜ ತೆಗೆದ ಹತ್ತಿ) ಕಟ್ಟೋದು 170 ಕೆಜಿ ಬೇಲಿನಾಗ, ದರ ಮಾತಾಡೋದು 356 ಕೆಜಿ ಕ್ಯಾಂಡಿ ಮ್ಯಾಲ. ಬಾಳ ಶೀಟಿನಾಗ ‘ಎರಡು ಬೇಲಿಗೆ ಒಂದು ಕ್ಯಾಂಡಿ’ ಅಂತ ಹಾಕಿರ್ತಾರ. ಬಾಯಿ ಲೆಕ್ಕಕ್ಕ ಸರಿ, ಬಜೆಟ್‌ಗೆ ಸರಿ ಅಲ್ಲ. 100 ಬೇಲು ಅಂದ್ರ 17,000 ಕೆಜಿ, ಅಂದ್ರ 47.75 ಕ್ಯಾಂಡಿ. ಶೀಟು 50 ಅಂತದ. ಕ್ಯಾಂಡಿಗೆ 55,000 ಹಿಡಿದ್ರ 100 ಬೇಲಿಗೆ 1.24 ಲಕ್ಷ ಇಲ್ಲದ ಆದಾಯ.

ಇನ್ನೊಂದು, ಅಳ್ಳಿ ಇಳುವರಿ ಶೇ. 34 ಅಂತ ಒಂದು ಸೆಲ್‌ದಾಗ ಹಾಕಿ ವರ್ಷಪೂರ್ತಿ ಅದನ್ನೇ ಎಳೀತಾರ. ಮೊದಲ ಕೊಯ್ಲಿನ ಹತ್ತಿ ಬ್ಯಾರೆ, ಕಡೀ ಕೊಯ್ಲಿಂದು ಬ್ಯಾರೆ, ಹಸಿ ಇದ್ರ ಇನ್ನೂ ಬ್ಯಾರೆ. 1,000 ಕ್ವಿಂಟಲ್ ಹತ್ತಿಗೆ ಒಂದು ಪರ್ಸೆಂಟ್ ಇಳಿದ್ರ 10 ಕ್ವಿಂಟಲ್ ಅಳ್ಳಿ ಹೋಯ್ತು, ಅಂದ್ರ 2.8 ಕ್ಯಾಂಡಿ, ಅದೇ ದರಕ್ಕ ಒಂದೂವರೆ ಲಕ್ಷ. ಅಷ್ಟು ತೂಕ ಬೀಜಕ್ಕ ಹೋಗ್ತದ ಖರೆ, ಬೀಜದ ದರ ಅಳ್ಳಿ ದರದ ಹತ್ರನೂ ಬರಂಗಿಲ್ಲ. ಇಳುವರಿನ ತಿಂಗಳವಾರು ಹಾಕ್ರಿ, ಒಂದೇ ಸೆಲ್ ಬ್ಯಾಡ.

ಗಿಣಿಗೇರಿ ಸ್ಪಾಂಜ್

ಇದಕ್ಕೆ ಒಂದು ಸಾಲು ಸೇರಿಸುತ್ತೇನೆ. ನಮ್ಮ ಸ್ಪಾಂಜ್ ಕಬ್ಬಿಣದ ಕಾರ್ಖಾನೆಗಳಲ್ಲಿ ಅದಿರಿನ ಬಜೆಟ್ ಒಣ ಟನ್‌ನಲ್ಲಿ ಇರುತ್ತದೆ, ವೇ ಬ್ರಿಡ್ಜ್ ಚೀಟಿ ತೇವ ಸೇರಿಸಿ ಬರುತ್ತದೆ. ಶೇ. 5 ತೇವ ಇದ್ದರೆ 1,000 ಟನ್‌ಗೆ 50 ಟನ್ ನೀರು. ಮಳೆಗಾಲದ ನಾಲ್ಕು ತಿಂಗಳು ಬಜೆಟ್‌ಗೂ ಲೆಕ್ಕಕ್ಕೂ ತಾಳೆಯಾಗದೆ ‘ಅದಿರು ಜಾಸ್ತಿ ತಿಂತಿದೆ’ ಅಂತ ಕಿಲ್ನ್ (ಕುಲುಮೆ) ಮೇಲೆ ಗೂಬೆ ಕೂರಿಸುವುದು ಇದರಿಂದಲೇ.

ಬಳ್ಳಾರಿ ಡೆನಿಮ್

ಫಾರ್ಮುಲಾದೊಳಗೆ ದರ ಹುದುಗಿಸಿಡುವುದು ಇನ್ನೊಂದು ಕಾಯಿಲೆ. ರೆಡಿಮೇಡ್ ಬಟ್ಟೆಯ ಜಿಎಸ್‌ಟಿ ಉದಾಹರಣೆ ತಗೊಳ್ಳಿ. 2025ರ ಸೆಪ್ಟೆಂಬರ್ 21ರವರೆಗೆ ಪೀಸಿಗೆ 1,000 ರೂಪಾಯಿವರೆಗೆ ಶೇ. 5, ಅದಕ್ಕಿಂತ ಮೇಲೆ ಶೇ. 12. ಸೆಪ್ಟೆಂಬರ್ 22ರಿಂದ 2,500ರವರೆಗೆ ಶೇ. 5, ಮೇಲೆ ಶೇ. 18. ದರವೂ ಬದಲಾಯಿತು, ಗಡಿಯೂ ಬದಲಾಯಿತು. 1,400 ರೂಪಾಯಿಯ ಜೀನ್ಸ್ ಪ್ಯಾಂಟ್ 12ರಿಂದ 5ಕ್ಕೆ ಇಳಿಯಿತು, 2,800ರದ್ದು 12ರಿಂದ 18ಕ್ಕೆ ಏರಿತು.

ಶೀಟಿನಲ್ಲಿ 1.12ರಿಂದ ಗುಣಿಸುವ ಫಾರ್ಮುಲಾ ನೂರಾರು ಸೆಲ್‌ಗಳಲ್ಲಿ ಹರಡಿದ್ದರೆ ಏನು ಮಾಡುತ್ತೀರಿ? ಫೈಂಡ್-ರಿಪ್ಲೇಸ್ ಹೊಡೆದರೆ ಸಾಲದ ಶೇ. 12 ಬಡ್ಡಿಯೂ ಅದರ ಜೊತೆ ಬದಲಾಗುತ್ತದೆ. ಹುಡುಕಿ ಹುಡುಕಿ ಬದಲಿಸಿದರೆ ಆಗಸ್ಟ್ ತಿಂಗಳ ಹಳೆಯ ಲೆಕ್ಕವೂ ಹೊಸ ದರಕ್ಕೆ ತಿರುಗಿ, ಕಟ್ಟಿದ ತೆರಿಗೆಗೂ ಶೀಟಿಗೂ ಸಂಬಂಧ ಇಲ್ಲದಂತಾಗುತ್ತದೆ.

ಸರಿಯಾದ ರೀತಿ: ‘ದರಗಳು’ ಅಂತ ಪ್ರತ್ಯೇಕ ಶೀಟು. ನಾಲ್ಕು ಕಾಲಂ: ಜಾರಿಯ ದಿನಾಂಕ, ಬೆಲೆಯ ಗಡಿ, ಗಡಿಯೊಳಗಿನ ದರ, ಗಡಿ ಮೀರಿದ ದರ. ಹೊಸ ಅಧಿಸೂಚನೆ ಬಂದಾಗ ಹಳೆಯ ಸಾಲು ಅಳಿಸದೆ ಕೆಳಗೆ ಹೊಸ ಸಾಲು. ಬಿಲ್ಲಿನ ದಿನಾಂಕ ನೋಡಿ ಫಾರ್ಮುಲಾ ದರ ಎತ್ತಿಕೊಳ್ಳಬೇಕು. ಇಲ್ಲಿ ಪಟ್ಟಿಯಲ್ಲಿ ದರ ಹುಡುಕುವ ವಿ-ಲುಕಪ್ ಫಾರ್ಮುಲಾದ ಅಂದಾಜು ಹೊಂದಾಣಿಕೆ (ಅದೇ ದಿನಾಂಕ ಇಲ್ಲದಿದ್ದರೆ ಅದರ ಹಿಂದಿನದನ್ನು ಎತ್ತಿಕೊಳ್ಳುವುದು) ಕೆಲಸಕ್ಕೆ ಬರುತ್ತದೆ, ದಿನಾಂಕಗಳು ಏರಿಕೆ ಕ್ರಮದಲ್ಲಿದ್ದರೆ ಮಾತ್ರ.

ಆದರೆ ಅದೇ ಸೌಲಭ್ಯ ಬೇರೆ ಕಡೆ ಮುಳುವು. ವಿ-ಲುಕಪ್‌ನ ಕೊನೆಯ ಭಾಗ ಬರೆಯದೇ ಬಿಟ್ಟರೆ ಅದು ತಾನಾಗಿ ಅಂದಾಜಿಗೇ ಹೋಗುತ್ತದೆ. ತಳಿಯ ಹೆಸರಿಗೆ ದರ ಹುಡುಕುವಾಗ ಇದು ಪಕ್ಕದ ತಳಿಯ ದರ ತಂದುಕೊಡುತ್ತದೆ, ನೋಡಿದರೆ ಸರಿಯೆನಿಸುವ ದರವನ್ನೇ. ಹೆಸರು, ಕೋಡ್, ಪಾರ್ಟಿ ಇವುಗಳಿಗೆ ಕೊನೆಯಲ್ಲಿ ಫಾಲ್ಸ್ ಅಥವಾ ಸೊನ್ನೆ ಹಾಕಲೇಬೇಕು.

ಹಳೇ ಲೆಡ್ಜರ್

ಇದೆಲ್ಲಾ ಮಾಡಿದವರ ತಪ್ಪು, ಶೀಟಿಂದಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಂಗಾತು.

ಟ್ಯಾಲಿ ಮಾಸ್ತರ

ಹಿರಿಯರ ಮಾತಿಗೆ ಅರ್ಧ ಒಪ್ಪಿಗೆ. ಆದರೆ ಅನುಭವಸ್ಥರು, ದೊಡ್ಡ ಸಂಸ್ಥೆಗಳು ಮಾಡಿದಾಗಲೂ ಇದೇ ಆಗಿದೆ. 2003ರಲ್ಲಿ ಕೆನಡಾದ ವಿದ್ಯುತ್ ಕಂಪನಿ ಟ್ರಾನ್ಸ್‌ಆಲ್ಟಾ, ಬಿಡ್ ಶೀಟಿನಲ್ಲಿ ಕಟ್-ಪೇಸ್ಟ್ ಮಾಡುವಾಗ ಸಾಲುಗಳು ಜರುಗಿ 2.4 ಕೋಟಿ ಡಾಲರ್ ಕಳೆದುಕೊಂಡಿತು. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದವು, ಹಳೆಯ ಎಕ್ಸ್‌ಎಲ್‌ಎಸ್ ಫೈಲು 65,536 ಸಾಲಿಗೆ ಮುಗಿಯುತ್ತದೆ ಅನ್ನುವುದು ಯಾರ ಗಮನಕ್ಕೂ ಬಾರದ್ದರಿಂದ. ಟ್ಯಾಲಿಯಲ್ಲಿ ಡೆಬಿಟ್-ಕ್ರೆಡಿಟ್ ತಾಳೆಯಾಗದ ವೋಚರ್ ಸೇವ್ ಆಗುವುದೇ ಇಲ್ಲ. ಎಕ್ಸೆಲ್ ಯಾವುದನ್ನೂ ತಡೆಯುವುದಿಲ್ಲ. ಅದನ್ನು ಉಪಕರಣದ ದೋಷ ಅನ್ನದೆ ಇನ್ನೇನನ್ನಬೇಕು?

ಕ್ಯಾಶ್ ಕ್ರೆಡಿಟ್

ಬಜೆಟ್ ಶೀಟಿನ ಲಾಭ ಸರಿಯಿದ್ದೂ ಬ್ಯಾಂಕಿನಲ್ಲಿ ಚೆಕ್ ವಾಪಸ್ ಬರುವ ಸಂದರ್ಭದ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ ಮೂರು ಕಾರಣ.

ತಿಂಗಳ ಕಾಲಂ ಮೊದಲನೆಯದು. ಮುಂಗಾರಿನ ಭತ್ತ ನವೆಂಬರ್-ಡಿಸೆಂಬರ್‌ನಲ್ಲಿ ಒಮ್ಮೆಗೇ ಬರುತ್ತದೆ, ರೈತರಿಗೆ ದುಡ್ಡು ತಕ್ಷಣ ಬೇಕು. ಅಕ್ಕಿಯ ದುಡ್ಡು 30ರಿಂದ 60 ದಿನದ ಉದ್ರಿ. ಶೀಟಿನಲ್ಲಿ ಡಿಸೆಂಬರ್ 31ಕ್ಕೆ ಬಾಕಿ ಚೆನ್ನಾಗಿಯೇ ಕಾಣುತ್ತದೆ, 12ನೇ ತಾರೀಕಿಗೆ ಸಿಸಿ ಮಿತಿ ದಾಟಿದ್ದು ಕಾಣುವುದಿಲ್ಲ. ಸುಗ್ಗಿಯ ಹೊತ್ತಿಗೆ ವಾರದ ಲೆಕ್ಕ ಬೇಕು: ಮುಂದಿನ 13 ವಾರ, ಪ್ರತಿ ಸೋಮವಾರ ಮುಗಿದ ವಾರ ತೆಗೆದು ಕೊನೆಗೆ ಹೊಸ ವಾರ ಸೇರಿಸುವುದು.

ಆಮೇಲೆ ಡ್ರಾಯಿಂಗ್ ಪವರ್, ಅಂದರೆ ಸಿಸಿಯಿಂದ ಆ ತಿಂಗಳು ನಿಜಕ್ಕೂ ತೆಗೆಯಬಹುದಾದ ಹಣ. ಶೀಟಿನಲ್ಲಿ ಮಂಜೂರಾದ ಮಿತಿಯನ್ನೇ ‘ಸಿಗುವ ಹಣ’ ಅಂತ ಹಾಕಿರುತ್ತಾರೆ. ಬ್ಯಾಂಕು ಪ್ರತಿ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಕೊಡುತ್ತದೆ. ದಾಸ್ತಾನು 80 ಲಕ್ಷ, ಅದರಲ್ಲಿ ಕೊಡಬೇಕಾದ್ದು 30 ಲಕ್ಷ ಕಳೆದು 50. ಬರಬೇಕಾದ್ದು 60 ಲಕ್ಷ, 90 ದಿನ ದಾಟಿದ 15 ಬಿಟ್ಟರೆ 45. ಎರಡಕ್ಕೂ ಶೇ. 25 ಮಾರ್ಜಿನ್ (ಬ್ಯಾಂಕು ಸಾಲ ಕೊಡದೆ ಬಿಡುವ ಪಾಲು) ಹಿಡಿದರೆ 37.5 ಮತ್ತು 33.75, ಒಟ್ಟು 71.25 ಲಕ್ಷ. ಬಾಕಿಯ ವಯಸ್ಸು ಶೀಟಿನಲ್ಲಿ ಇಲ್ಲದಿದ್ದರೆ ಹಳೆಯ 15 ಲಕ್ಷವೂ ಸೇರಿ 82.5 ತೋರಿಸುತ್ತದೆ. ನಿಮ್ಮ ಮಂಜೂರಾತಿ ಪತ್ರದಲ್ಲಿ ಮಾರ್ಜಿನ್ ಎಷ್ಟು, ಎಷ್ಟು ದಿನದ ಬಾಕಿ ಒಪ್ಪುತ್ತಾರೆ ನೋಡಿ ಆ ಎರಡು ಅಂಕಿಯನ್ನು ಇನ್‌ಪುಟ್ ಸೆಲ್‌ನಲ್ಲಿಡಿ. ಬರಬೇಕಾದ್ದಕ್ಕೆ ಹೆಚ್ಚು ಮಾರ್ಜಿನ್ ಹಿಡಿಯುವ ಬ್ಯಾಂಕುಗಳೂ ಉಂಟು.

ಮೂರನೆಯದು ಬಡ್ಡಿಯ ಸುತ್ತು. ಬಡ್ಡಿ ಬಾಕಿಯ ಮೇಲೆ, ಬಾಕಿ ಬಡ್ಡಿ ಸೇರಿಸಿ. ಎಕ್ಸೆಲ್ ಸರ್ಕ್ಯುಲರ್ ರೆಫರೆನ್ಸ್ ಅನ್ನುತ್ತದೆ, ಯಾರೋ ಐಟರೇಟಿವ್ ಕ್ಯಾಲ್ಕ್ಯುಲೇಶನ್ (ಸುತ್ತುವ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ಸೆಟ್ಟಿಂಗ್) ಆನ್ ಮಾಡಿ ಬಾಯಿ ಮುಚ್ಚಿಸುತ್ತಾರೆ. ಆ ಸೆಟ್ಟಿಂಗ್ ಮೊದಲು ತೆರೆದ ಫೈಲನ್ನು ಅನುಸರಿಸುತ್ತದೆ, ಹಾಗಾಗಿ ಒಬ್ಬರ ಕಂಪ್ಯೂಟರಿನಲ್ಲಿ ಲೆಕ್ಕ ಬರುತ್ತದೆ, ಇನ್ನೊಬ್ಬರದರಲ್ಲಿ ಎಚ್ಚರಿಕೆ ಬರುತ್ತದೆ. ಬಡ್ಡಿಯನ್ನು ವಾರದ ಆರಂಭದ ಬಾಕಿಯ ಮೇಲೆ ಹಾಕಿ, ಸುತ್ತು ಕಡಿಯುತ್ತದೆ. ಬ್ಯಾಂಕು ದಿನದ ಬಾಕಿಯ ಮೇಲೆ ಹಾಕುವುದರಿಂದ ತಿಂಗಳಿಗಿಂತ ವಾರದ ಲೆಕ್ಕ ಸತ್ಯಕ್ಕೆ ಹತ್ತಿರ.

ಜೊತೆಗೆ ಒಂದು: ಎಂಎಸ್‌ಎಂಇ (ಸಣ್ಣ ಉದ್ದಿಮೆ) ಬಾಕಿಯ 45 ದಿನದ ನಿಯಮ 2023-24ನೇ ಹಣಕಾಸು ವರ್ಷದಿಂದ ತೆರಿಗೆ ಲೆಕ್ಕಕ್ಕೆ ಬಂದಿದೆ. ಸಣ್ಣ, ಅತಿಸಣ್ಣ ತಯಾರಕರಿಗೆ (ಚೀಲ ಮಾಡುವವರು, ಬಿಡಿಭಾಗ ಮಾಡುವವರು) ಲಿಖಿತ ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನ. ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ವರ್ಷ ಆ ಖರ್ಚು ಕಳೆಯಲು ಬರುವುದಿಲ್ಲ, ಕೊಟ್ಟ ವರ್ಷಕ್ಕೆ ಹೋಗುತ್ತದೆ. ಬಜೆಟ್ ಶೀಟಿನಲ್ಲಿ ‘ಪ್ಯಾಕಿಂಗ್ 18 ಲಕ್ಷ’ ಅಂತ ಒಂದೇ ಸಾಲಿದ್ದರೆ ಇದು ಕಣ್ಣಿಗೆ ಬೀಳುವುದಾದರೂ ಹೇಗೆ?

ಕಾರಟಗಿ ಮಿಲ್ ಲೆಕ್ಕ

ಬಾಳ ಉಪಕಾರ ಆತ್ರಿ. ಟ್ಯಾಲಿಯಿಂದ ಖರೀದಿ ರಿಜಿಸ್ಟರ್ ಎಕ್ಸೆಲ್‌ಗೆ ತಗೊಂಡು ತಿಂಗಳವಾರು ಕೂಡಿಸಿದರ ಏಪ್ರಿಲ್ ಖರೀದಿ ಜುಲೈ, ಆಗಸ್ಟಿನಾಗೂ ತೋರಸ್ತೈತಿ. ಬ್ಯಾಸಗಿ ಭತ್ತ ಆಗಸ್ಟಿಗೆ ಯಾಕ ಬರತೈತಿ?

ಬಳ್ಳಾರಿ ಡೆನಿಮ್

ದಿನಾಂಕ ಅದಲುಬದಲಾಗಿದೆ. ಕಂಪ್ಯೂಟರಿನ ರೀಜನ್ ಅಮೆರಿಕದ್ದಿದ್ದು, ದಿನಾಂಕ ಬರಿಯ ಅಕ್ಷರವಾಗಿ (ಸಿಎಸ್‌ವಿ, ಕಾಪಿ-ಪೇಸ್ಟ್) ಬಂದರೆ 08-04-2025 ಆಗಸ್ಟ್ 4 ಆಗುತ್ತದೆ. 12ನೇ ತಾರೀಕಿನವರೆಗಿನವು ಸದ್ದಿಲ್ಲದೆ ತಿರುಗುತ್ತವೆ. 13ರಿಂದ ಮುಂದಿನವು, ಹದಿಮೂರನೇ ತಿಂಗಳು ಇಲ್ಲದ್ದರಿಂದ, ಟೆಕ್ಸ್ಟ್ ಆಗಿ ಉಳಿದು ಯಾವ ತಿಂಗಳ ಮೊತ್ತಕ್ಕೂ ಸೇರುವುದಿಲ್ಲ. ಕಾಲಂ ಅಗಲ ಮಾಡಿ ನೋಡಿ: ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕೂತಿದ್ದರೆ ಇದೇ.

ತಿರುಗಿ ಹೋದವನ್ನು ಅಲ್ಲೇ ರಿಪೇರಿ ಮಾಡಲು ಹೋಗಬೇಡಿ. ವಿಂಡೋಸ್ ರೀಜನ್ ‘ಇಂಗ್ಲಿಷ್ ಇಂಡಿಯಾ’ ಮಾಡಿ ಮತ್ತೆ ತನ್ನಿ. ಅಥವಾ ಇಂಪೋರ್ಟ್ ವಿಝಾರ್ಡ್‌ನಲ್ಲಿ ಆ ಕಾಲಂಗೆ ಡಿಎಂವೈ (ದಿನ-ತಿಂಗಳು-ವರ್ಷ) ಆರಿಸಿ. ಹಾಗೇ ಬ್ಯಾಂಕ್ ಖಾತೆ ಸಂಖ್ಯೆಯ ಕಾಲಂಗೆ ಟೆಕ್ಸ್ಟ್ ಆರಿಸಿ. ಎಕ್ಸೆಲ್ 15 ಅಂಕಿವರೆಗೆ ಮಾತ್ರ ನೆನಪಿಡುತ್ತದೆ, 16ನೆಯದು ಸೊನ್ನೆಯಾಗುತ್ತದೆ, ಆರಂಭದ ಸೊನ್ನೆಗಳೂ ಹಾರಿಹೋಗುತ್ತವೆ.

ಜಿನ್ನಿಂಗ್ ರಾಯಚೂರು

ಮೂರು ಕಾಪಿ ವಿಷಯಕ್ಕ ಬರೋಣು. ವಾಟ್ಸ್ಯಾಪ್‌ದಾಗ ಫೈಲು ಕಳಿಸಿದ ಕೂಡ್ಲೇ ಅದು ಎರಡು ಫೈಲು ಆಯ್ತು, ಯಾವುದು ಖರೇದು ಅನ್ನೋದು ಹೆಸರಿನ ಮ್ಯಾಲ ನಿಂತದ. ಒಂದು ಫೈಲು ಇನ್ನೊಂದು ಫೈಲಿನಿಂದ ಅಂಕಿ ಎಳೀತಿದ್ರ ಇನ್ನೂ ಕಷ್ಟ: ಆ ಫೈಲು ಈ ಕಂಪ್ಯೂಟರ್‌ದಾಗ ಇಲ್ಲಂದ್ರ ಕಡೀ ಸಲ ಉಳಿಸಿದ ಹಳೇ ಅಂಕಿನೇ ತೋರಿಸ್ತದ. ಡೇಟಾ ಮೆನುದಾಗ ಎಡಿಟ್ ಲಿಂಕ್ಸ್ (ಹೊಸ ಎಕ್ಸೆಲ್‌ದಾಗ ವರ್ಕ್‌ಬುಕ್ ಲಿಂಕ್ಸ್) ತೆಗೆದು ನೋಡ್ರಿ, ಎಷ್ಟು ಲಿಂಕು ಸತ್ತಾವ ಗೊತ್ತಾಗ್ತದ.

ಒಂದೇ ಫೈಲು ಆನ್‌ಲೈನ್ ಡ್ರೈವ್‌ದಾಗ ಇಡ್ರಿ, ಬರೆಯೋ ಹಕ್ಕು ಒಬ್ಬರಿಗೆ, ಉಳಿದವರು ಬರೇ ನೋಡಬೇಕು. ವರ್ಶನ್ ಹಿಸ್ಟರಿ ಸಿಗ್ತದ, ಯಾರು ಯಾವಾಗ ಬದಲಿಸ್ಯಾರ ಅನ್ನೋದು ಕಾಣ್ತದ. ಶೀಟ್ ಪ್ರೊಟೆಕ್ಟ್ ಪಾಸ್‌ವರ್ಡ್ ಕೈತಪ್ಪಿ ಅಳಿಸೋದನ್ನ ತಡೀತದ ಅಷ್ಟೇ, ಬೇಕಂತ ಮಾಡೋವರನ್ನ ತಡಿಯಂಗಿಲ್ಲ. ಪಗಾರದ ಶೀಟು ಮರೆಮಾಡಿ ಅದೇ ಫೈಲಿನಾಗ ಇಡಬ್ಯಾಡ್ರಿ.

ಸಿಂಧನೂರು ಪ್ಲಾನಿಂಗ್

ಇಷ್ಟೆಲ್ಲ ಸರಿಮಾಡಿದರೂ ಒಂದೇ ಅಂಕಿಯ ಬಜೆಟ್ ನಮ್ಮ ಭಾಗದಲ್ಲಿ ನಿಲ್ಲುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬೇಸಿಗೆ ಬೆಳೆಗೆ ಸಿಗುತ್ತದೋ ಇಲ್ಲವೋ ಅನ್ನುವುದರ ಮೇಲೆ ಮಿಲ್ಲಿನ ಅರ್ಧ ವರ್ಷ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ಏಪ್ರಿಲ್‌ನಲ್ಲಿ ಮಾಡಿದ ಬಜೆಟ್‌ಗಳನ್ನೆಲ್ಲ ಮತ್ತೆ ತೆಗೆದು ನೋಡಬೇಕಾದ ಪರಿಸ್ಥಿತಿ.

ಸಾಮಾನ್ಯವಾಗಿ ಏನು ಮಾಡುತ್ತಾರೆಂದರೆ ಫೈಲನ್ನು ಮೂರು ಕಾಪಿ ಮಾಡುತ್ತಾರೆ: ಪೂರ್ತಿ ನೀರು, ಅರ್ಧ ನೀರು, ನೀರಿಲ್ಲ. ಎರಡು ವಾರದಲ್ಲಿ ಒಂದರಲ್ಲಿ ಹಮಾಲಿ ದರ ತಿದ್ದಿರುತ್ತಾರೆ, ಉಳಿದೆರಡರಲ್ಲಿ ಇಲ್ಲ. ಆಮೇಲೆ ಮೂರನ್ನೂ ಹೋಲಿಸುವುದರಲ್ಲಿ ಅರ್ಥವಿಲ್ಲ. ಒಂದೇ ಫೈಲು, ಒಂದು ಸ್ವಿಚ್ ಸೆಲ್ (1, 2, 3), ಪ್ರತಿ ಊಹೆಗೂ ಮೂರು ಕಾಲಂ, ಚೂಸ್ ಫಾರ್ಮುಲಾ ಸ್ವಿಚ್ ನೋಡಿ ಒಂದನ್ನು ಎತ್ತಿಕೊಳ್ಳಲಿ.

ಅದಕ್ಕಿಂತ ಮುಖ್ಯವಾದದ್ದು ಮಿಲ್ಲಿಂಗ್ ಖರ್ಚು. ಬಹುತೇಕ ಶೀಟುಗಳಲ್ಲಿ ‘ಕ್ವಿಂಟಲ್‌ಗೆ ಇಷ್ಟು’ ಅಂತ ಒಂದೇ ಸೆಲ್. ಸಂಬಳ, ಟರ್ಮ್ ಲೋನ್ ಬಡ್ಡಿ, ವಿಮೆ, ಜೆಸ್ಕಾಂ ಕರೆಂಟ್ ಬಿಲ್ಲಿನ ಡಿಮಾಂಡ್ ಚಾರ್ಜು ಇವು ಮಿಲ್ಲು ಓಡಲಿ ನಿಲ್ಲಲಿ ಬರುತ್ತವೆ. ತಿಂಗಳಿಗೆ ಇಂಥ ಖರ್ಚು 12 ಲಕ್ಷ ಅಂತ ಇಟ್ಟುಕೊಳ್ಳಿ. 20,000 ಕ್ವಿಂಟಲ್ ಅರೆದರೆ ಕ್ವಿಂಟಲ್‌ಗೆ 60 ರೂಪಾಯಿ, 10,000 ಅರೆದರೆ 120. ಶೀಟಿನಲ್ಲಿ 60 ಅಂತ ಗಟ್ಟಿಯಾಗಿ ಕೂತಿದ್ದರೆ ‘ಅರ್ಧ ನೀರು’ ಲೆಕ್ಕದಲ್ಲಿ ಖರ್ಚೂ ಅರ್ಧ ಆಗಿಬಿಡುತ್ತದೆ, ತಿಂಗಳಿಗೆ 6 ಲಕ್ಷ ಗಾಳಿಯಲ್ಲಿ. ಆರು ತಿಂಗಳಿಗೆ 36 ಲಕ್ಷ. ನಿಂತ ಖರ್ಚು ತಿಂಗಳ ರೂಪಾಯಿಯಲ್ಲಿ, ಓಡುವ ಖರ್ಚು (ಯೂನಿಟ್ ಕರೆಂಟು, ಹಮಾಲಿ, ಚೀಲ, ರಬ್ಬರ್ ರೋಲು) ಕ್ವಿಂಟಲ್ ಮೇಲೆ, ಎರಡನ್ನೂ ಬೇರೆ ಬೇರೆ ಶೀಟಿನಲ್ಲಿಡಿ. ಇದೊಂದು ಮಾಡದೆ ಬೇರೇನು ಮಾಡಿದರೂ ಪ್ಲಾನಿಂಗ್ ಅನ್ನಿಸಿಕೊಳ್ಳದು, ನನ್ನ ಅಭಿಪ್ರಾಯ.

ಹಳೇ ಲೆಡ್ಜರ್

ಇದು ಖರೇ ಮಾತು. ಇದಕ್ಕ ಸಾಫ್ಟ್‌ವೇರ್ ಬೇಕಾಗಿಲ್ಲ, ಖರ್ಚು ಬಿಡಿಸಿ ಬರೆಯೋ ರೂಢಿ ಬೇಕು.

ಟ್ಯಾಲಿ ಮಾಸ್ತರ

ಸಾಫ್ಟ್‌ವೇರ್ ಪ್ರಶ್ನೆಗೆ: ಹೊಸದು ಕೊಳ್ಳುವ ಮೊದಲು ಇದ್ದದ್ದನ್ನು ಬಳಸಿ. ಟ್ಯಾಲಿಯಲ್ಲೇ ಬಜೆಟ್ ಅನ್ನುವ ಮಾಸ್ಟರ್ ಇದೆ. ಗ್ರೂಪ್, ಲೆಡ್ಜರ್, ಕಾಸ್ಟ್ ಸೆಂಟರ್ ಮೇಲೆ ಮೊತ್ತ ಹಾಕಿದರೆ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ವ್ಯತ್ಯಾಸದ ಕಾಲಂ ಬರುತ್ತದೆ. ಯೋಚನೆ, ಊಹೆ, ಸ್ವಿಚ್ ಎಲ್ಲ ಎಕ್ಸೆಲ್‌ನಲ್ಲಿ. ಒಪ್ಪಿದ ಬಜೆಟ್ ಟ್ಯಾಲಿಯಲ್ಲಿ. ಪ್ರತಿ ತಿಂಗಳು ವಾಸ್ತವದ ಅಂಕಿಯನ್ನು ಕೈಯಿಂದ ಎಕ್ಸೆಲ್‌ಗೆ ಸಾಗಿಸುವ ಕೆಲಸವೇ ತಪ್ಪುತ್ತದೆ, ಅರ್ಧ ತೊಂದರೆ ಹುಟ್ಟುವುದು ಆ ಸಾಗಾಟದಲ್ಲಿ.

ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇನ್ನೊಂದು ವಿಷಯ. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕಪುಸ್ತಕಕ್ಕೆ ಸಾಫ್ಟ್‌ವೇರ್ ಬಳಸಿದರೆ ಅದರಲ್ಲಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು, ಅದನ್ನು ಬಂದ್ ಮಾಡುವಂತಿಲ್ಲ. ಬಜೆಟ್‌ಗೆ ಈ ನಿಯಮ ಇಲ್ಲ, ಪಾಲುದಾರಿಕೆ ಸಂಸ್ಥೆಗೂ ಇಲ್ಲ. ಆದರೆ ‘ಬಜೆಟ್ ಶೀಟು’ ಅಂತ ಶುರುವಾದದ್ದರಲ್ಲಿ ನಿಧಾನವಾಗಿ ದಾಸ್ತಾನು, ಉದ್ರಿ, ಹಮಾಲಿ ಬಾಕಿ ಸೇರಿ ಅದೇ ಲೆಕ್ಕಪುಸ್ತಕ ಆಗಿಬಿಟ್ಟಿರುತ್ತದೆ. ಅದನ್ನು ಮೊದಲು ಟ್ಯಾಲಿಗೆ ಸಾಗಿಸಿ. ಮೂರು ನಾಲ್ಕು ಯೂನಿಟ್ಟುಗಳ ಬಜೆಟ್ ಬೇರೆ ಬೇರೆ ಜನ ತುಂಬಿ ಒಂದುಗೂಡಿಸಬೇಕಾಗಿ ಬಂದಾಗ ಪ್ಲಾನಿಂಗ್ ಸಾಫ್ಟ್‌ವೇರ್ ಬೆಲೆ ಕೇಳಿ, ಒಂದು ಮಿಲ್ಲಿಗೆ ಅವಸರ ಬೇಡ.

ಕಾರಟಗಿ ಮಿಲ್ ಲೆಕ್ಕ

ಹಂಗಾರ ಮೊದಲನೇ ದಿನ ಏನೇನು ಮಾಡಲಿ? ಕ್ರಮವಾಗಿ ಹೇಳಿದರ ಗುಮಾಸ್ತರಿಗೆ ಹಚ್ಚತೀನಿ.

ಟ್ಯಾಲಿ ಮಾಸ್ತರ

1. ಮೂರೂ ಫೈಲಿನ ಕಾಪಿ ತೆಗೆದಿಡಿ. ಒಂದನ್ನು ಮೂಲ ಅಂತ ಗುರುತಿಸಿ, ಉಳಿದೆರಡರ ಹೆಸರಿನ ಮುಂದೆ ‘ಹಳೆ’ ಅಂತ ಸೇರಿಸಿ.

2. ಕಂಟ್ರೋಲ್ ಜೊತೆ ಒಂದರ ಎಡಗಡೆಯ ಕೀ (ಬ್ಯಾಕ್‌ಟಿಕ್) ಒತ್ತಿ, ಫಾರ್ಮುಲಾಗಳು ಕಾಣುತ್ತವೆ. ಸಾಲಿನುದ್ದಕ್ಕೂ ಒಂದೇ ರೀತಿ ಇರಬೇಕಾದಲ್ಲಿ ನಡುವೆ ಬರಿಯ ಅಂಕಿ ಕೂತಿದ್ದರೆ ಹಳದಿ ಬಣ್ಣ ಬಳಿಯಿರಿ. ‘ಸದ್ಯಕ್ಕೆ’ ಅಂತ ಒಂದು ತಿಂಗಳಿಗೆ ಹಾಕಿದ ಅಂಕಿ ಹೀಗೇ ಉಳಿದಿರುತ್ತದೆ.

3. ಪ್ರತಿ ಒಟ್ಟು ಮೊತ್ತದ ಸೆಲ್ ಮೇಲೆ ಎಫ್2 ಒತ್ತಿ. ಬಣ್ಣದ ಚೌಕ ಕೊನೆಯ ಸಾಲಿನವರೆಗೆ ಬರುತ್ತದೋ ನೋಡಿ. ಒಟ್ಟಿನ ಸಾಲಿಗೆ ತಾಗಿ ಮೇಲೆ ಹೊಸ ಸಾಲು ಸೇರಿಸಿದಾಗ ಅದು ಹೊರಗುಳಿಯುವುದು ಮಾಮೂಲು. ಫಿಲ್ಟರ್ ಹಾಕಿ ಓದುವ ಶೀಟಿನಲ್ಲಿ ಫಿಲ್ಟರ್ ದಾಟಿದ ಸಾಲುಗಳನ್ನಷ್ಟೇ ಕೂಡಲು ಸಮ್ ಬದಲು ಸಬ್‌ಟೋಟಲ್ 9, ಕೈಯಿಂದ ಮರೆಮಾಡಿದ ಸಾಲುಗಳನ್ನೂ ಬಿಡಬೇಕಿದ್ದರೆ 109.

4. ಚೀಲ-ಕ್ವಿಂಟಲ್ ತಾಳೆ: ಅಕ್ಕಿ, ನುಚ್ಚು, ತೌಡು, ಹೊಟ್ಟು, ಕಸ-ತೇವದ ನಷ್ಟ ಎಲ್ಲ ಕೂಡಿ ಭತ್ತದ ತೂಕಕ್ಕೆ ಸಮ ಬರಬೇಕು. ಪ್ರತಿ ತಿಂಗಳಿಗೂ ಈ ವ್ಯತ್ಯಾಸದ ಸಾಲು ಹಾಕಿ. ಸೊನ್ನೆ ಬಾರದಿದ್ದರೆ ಕೆಂಪಾಗುವಂತೆ ಮಾಡಿ.

5. ತಳಿ ಹೆಸರು ಕೈಯಿಂದ ಬರೆಯುವುದು ನಿಲ್ಲಿಸಿ. ‘ಆರ್‌ಎನ್‌ಆರ್’, ‘ಆರ್ ಎನ್ ಆರ್’ ಎಕ್ಸೆಲ್‌ಗೆ ಎರಡು ಬೇರೆ ಮಾಲು. ಡೇಟಾ ವ್ಯಾಲಿಡೇಶನ್‌ನಲ್ಲಿ ಪಟ್ಟಿ ಕೊಡಿ.

ಕ್ಯಾಶ್ ಕ್ರೆಡಿಟ್

ಆರನೆಯದಾಗಿ ಇಫ್‌ಎರರ್ ಹುಡುಕಿ. ‘ಎರರ್ ಬಂದರೆ ಸೊನ್ನೆ ತೋರಿಸು’ ಅಂತ ಹಾಕಿದ್ದರೆ ದರ ಸಿಗದ ಖರೀದಿಯೆಲ್ಲ ಪುಕ್ಕಟೆ ಭತ್ತ ಆಗುತ್ತದೆ, ಲಾಭ ಏರುತ್ತದೆ. ಎಲ್ಲೂ ಎರರ್ ಇಲ್ಲ ಅಂದಿರಲ್ಲ, ಅನುಮಾನ ಅಲ್ಲೇ. ಇಫ್‌ಎರರ್ ತೆಗೆದು ನೋಡಿ, ಎಷ್ಟು ಸೆಲ್ ಎನ್-ಎ (ಹುಡುಕಿದ್ದು ಸಿಗಲಿಲ್ಲ) ಅನ್ನುತ್ತವೆ ಇಲ್ಲಿ ಹಾಕಿ.

ಕಾರಟಗಿ ಮಿಲ್ ಲೆಕ್ಕ

ಖರೀದಿ ಶೀಟಿನಾಗ 23 ಸೆಲ್ ಎನ್-ಎ ಬಂದಾವ್ರಿ. ಎಲ್ಲಾ ಆರ್ ಎನ್ ಆರ್ ಸಾಲು.